ಕಾರಿನ ಹೆಸರು ಅಮೆರಿಕದ್ದು, ಕೆಲಸ ಯಾರದ್ದು?

2025ರ ಜುಲೈನಲ್ಲಿ ಅಮೆರಿಕ ಮತ್ತು ಜಪಾನ್ ಒಂದು ವ್ಯಾಪಾರ ಒಪ್ಪಂದಕ್ಕೆ ಬಂದವು. ಜಪಾನಿನಿಂದ ಬರುವ ಕಾರುಗಳ ಮೇಲಿನ ಸುಂಕವನ್ನು ಶೇ 15ಕ್ಕೆ ನಿಲ್ಲಿಸಲು ಅಮೆರಿಕ ಒಪ್ಪಿತು. ಇದಕ್ಕೆ ತಕರಾರು ತೆಗೆದದ್ದು ಅಮೆರಿಕದ್ದೇ ಕಾರು ಕಂಪನಿಗಳು. ಅಮೆರಿಕದ ಬಿಡಿಭಾಗ ಹೆಚ್ಚುಕಡಿಮೆ ಇಲ್ಲದ ಜಪಾನಿ ಕಾರಿಗೆ ಶೇ 15, ಅಮೆರಿಕದ ಬಿಡಿಭಾಗ ತುಂಬಿಕೊಂಡು ಮೆಕ್ಸಿಕೊ, ಕೆನಡಾಗಳಲ್ಲಿ ತಯಾರಾಗುವ ಕಾರಿಗೆ ಶೇ 25, ಇದು ಯಾವ ನ್ಯಾಯ ಅಂತ ಕೇಳಿತು ಜನರಲ್ ಮೋಟರ್ಸ್ (ಜಿಎಂ), ಫೋರ್ಡ್ ಮತ್ತು ಸ್ಟೆಲ್ಲಾಂಟಿಸ್‌ಗಳ ಸಂಘ.

ಓದಿದವರಿಗೆ ಗೊಂದಲ ಆಗಿದ್ದರೆ ಆಶ್ಚರ್ಯವಿಲ್ಲ. ದೇಶದ ಕೆಲಸ ಉಳಿಸಲೆಂದು ಹಾಕಿದ ಸುಂಕದ ಬಗ್ಗೆ ದೇಶದ ಕಂಪನಿಗಳೇ ಯಾಕೆ ದೂರುತ್ತಿವೆ? ಮೆಕ್ಸಿಕೊದಲ್ಲಿ ತಯಾರಾದದ್ದು ಅಮೆರಿಕದ ಕಾರು ಹೇಗಾಗುತ್ತದೆ? 'ನಮ್ಮ ದೇಶದ ಕಾರು ಕೊಂಡರೆ ನಮ್ಮವರ ಕೆಲಸ ಉಳಿಯುತ್ತದೆ' ಎಂಬ ಮಾತು ಅಲ್ಲಿ ಹಲವು ದಶಕಗಳಿಂದ ಇದೆ. ಅದರಲ್ಲಿ ಈಗ ಎಷ್ಟು ಹುರುಳಿದೆ?

ಹೆಸರು ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ

ಮೊದಲು ಶೋರೂಮಿನಲ್ಲಿ ಏನಿದೆ ನೋಡೋಣ. ಷೆವರ್ಲೆ ಅಮೆರಿಕದ ಹಳೆಯ ಹೆಸರು. ಆದರೆ ಅದರ ಟ್ರ್ಯಾಕ್ಸ್ ಎಂಬ ಅಗ್ಗದ ಕಾರು ಬರುವುದು ದಕ್ಷಿಣ ಕೊರಿಯಾದಿಂದ. ಜಿಎಂ ಕಂಪನಿಯ ಬ್ಯೂಕ್ ಎನ್ವಿಷನ್ ಚೀನಾದಲ್ಲಿ ತಯಾರಾಗಿ ಅಮೆರಿಕಕ್ಕೆ ಬರುತ್ತಿತ್ತು. ಫೋರ್ಡ್ ಮ್ಯಾವರಿಕ್ ಎಂಬ ಪುಟ್ಟ ಪಿಕಪ್ ಮೆಕ್ಸಿಕೊದ್ದು.

ಈಗ ಆ ಕಡೆ ನೋಡಿ. ಟೊಯೊಟಾ ಕ್ಯಾಮ್ರಿ 1988ರಿಂದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ತಯಾರಾಗುತ್ತಿದೆ. ಹೋಂಡಾ 1982ರಲ್ಲೇ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಅಕಾರ್ಡ್ ಮಾಡಲು ಶುರು ಮಾಡಿತು. ಬಿಎಂಡಬ್ಲ್ಯು ಜರ್ಮನಿಯ ಕಂಪನಿ. ಆದರೆ ಅದರ ಇಡೀ ಜಗತ್ತಿನ ಅತಿ ದೊಡ್ಡ ಕಾರ್ಖಾನೆ ಇರುವುದು ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಸ್ಪಾರ್ಟನ್‌ಬರ್ಗ್‌ನಲ್ಲಿ. 11 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಾರೆ. ಅಲ್ಲಿ ಮಾಡಿದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಬೇರೆ ದೇಶಗಳಿಗೆ ಹೋಗುತ್ತವೆ.

ಕಂಪನಿಗಳ ಒಡೆತನ ಇನ್ನೂ ಗೋಜಲು. ಜೀಪ್‌ಗಿಂತ ಅಮೆರಿಕನ್ ಅನ್ನಿಸುವ ಹೆಸರು ಬೇರೆ ಇಲ್ಲ. ಅದು ಈಗ ಸ್ಟೆಲ್ಲಾಂಟಿಸ್ ಕೈಯಲ್ಲಿದೆ, ಸ್ಟೆಲ್ಲಾಂಟಿಸ್ ಕಾನೂನಿನ ಪ್ರಕಾರ ನೆದರ್‌ಲ್ಯಾಂಡ್ಸ್‌ನ ಕಂಪನಿ. ಸ್ವೀಡನ್ನಿನ ವೋಲ್ವೊ ಕಾರು 2010ರಿಂದ ಚೀನಾದ ಗೀಲಿಯದ್ದು, ಅದಕ್ಕೂ ಸೌತ್ ಕ್ಯಾರೊಲಿನಾದಲ್ಲಿ ಒಂದು ಕಾರ್ಖಾನೆ ಇದೆ. ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು ಫೋರ್ಡ್‌ನಿಂದ 2008ರಲ್ಲಿ ಕೊಂಡದ್ದು ಟಾಟಾ ಮೋಟರ್ಸ್.

ಹಾಗಾಗಿ 'ಸ್ವದೇಶಿ ಕಾರು' ಅನ್ನುವಾಗ ಮೂರು ಬೇರೆ ಬೇರೆ ವಿಷಯ ಒಂದರೊಳಗೊಂದು ಕಲೆಸಿಹೋಗಿರುತ್ತವೆ: ಲಾಭ ಯಾರಿಗೆ, ಜೋಡಣೆ ಎಲ್ಲಿ, ಬಿಡಿಭಾಗ ಎಲ್ಲಿಯದು. ಕೆಲಸದ ಮಾತು ಬಂದಾಗ ಕೊನೆಯ ಎರಡಕ್ಕೇ ತೂಕ ಜಾಸ್ತಿ.

ಸುಂಕದ ಲೆಕ್ಕ

2025ರ ಏಪ್ರಿಲ್‌ಗೆ ಮುಂಚೆ ಅಮೆರಿಕಕ್ಕೆ ಬರುವ ಸಾಮಾನ್ಯ ಕಾರಿಗೆ ಶೇ 2.5 ಮಾತ್ರ ಸುಂಕ ಇತ್ತು. ಪಿಕಪ್‌ನಂಥ ಲಘು ಟ್ರಕ್ಕುಗಳಿಗೆ 1960ರ ದಶಕದಿಂದಲೂ ಶೇ 25. ಇದರ ಹಿಂದಿನ ಕಥೆ ತಮಾಷೆಯದು. ಅಮೆರಿಕದ ಕೋಳಿಮಾಂಸಕ್ಕೆ ಯುರೋಪ್ ಸುಂಕ ಹಾಕಿತು, ಸೇಡಿಗೆ ಅಮೆರಿಕ ಟ್ರಕ್ಕುಗಳಿಗೆ ಹಾಕಿತು. ಕೋಳಿ ಜಗಳ ಎಲ್ಲರಿಗೂ ಮರೆತುಹೋಯಿತು, ಟ್ರಕ್ಕಿನ ಸುಂಕ ಉಳಿದುಕೊಂಡಿತು. ಅಮೆರಿಕದ ಕಂಪನಿಗಳು ಇವತ್ತಿಗೂ ಪಿಕಪ್‌ಗಳಲ್ಲೇ ದುಡ್ಡು ಮಾಡುವುದಕ್ಕೆ ಇದೂ ಒಂದು ಕಾರಣ.

2025ರ ಏಪ್ರಿಲ್ 3ರಿಂದ ಆಮದಾಗುವ ಕಾರುಗಳಿಗೂ ಶೇ 25 ಹೆಚ್ಚುವರಿ ಸುಂಕ ಬಂತು. ಮೇ 3ರಿಂದ ಅದು ಎಂಜಿನ್, ಗೇರ್‌ಬಾಕ್ಸ್‌ನಂಥ ಮುಖ್ಯ ಬಿಡಿಭಾಗಗಳಿಗೂ ಹಬ್ಬಿತು. ಆಮೇಲೆ ಒಂದೊಂದೇ ಒಪ್ಪಂದ ಆಯಿತು. ಬ್ರಿಟನ್ನಿನಿಂದ ವರ್ಷಕ್ಕೆ 1 ಲಕ್ಷ ಕಾರುಗಳಿಗೆ ಶೇ 10. ಜಪಾನ್, ಯುರೋಪಿಯನ್ ಒಕ್ಕೂಟ ಮತ್ತು ದಕ್ಷಿಣ ಕೊರಿಯಾಗೆ ಶೇ 15.

ಮೆಕ್ಸಿಕೊ, ಕೆನಡಾದ ನಿಯಮ ಸ್ವಲ್ಪ ಬೇರೆ. ಮೂರು ದೇಶಗಳ ವ್ಯಾಪಾರ ಒಪ್ಪಂದದ ಷರತ್ತು ಪಾಲಿಸಿದ ಕಾರಿನಲ್ಲಿ ಅಮೆರಿಕದ್ದಲ್ಲದ ಪಾಲಿಗೆ ಮಾತ್ರ ಶೇ 25 ಕಟ್ಟಬೇಕು. ಅಂದರೆ ಕಾರಿನ ಬೆಲೆಯಲ್ಲಿ ಅರ್ಧ ಅಮೆರಿಕದ ಬಿಡಿಭಾಗದ್ದಾದರೆ, ಇಡೀ ಕಾರಿನ ಮೇಲೆ ಬೀಳುವುದು ಶೇ 12.5. ಅಮೆರಿಕದ ಪಾಲು ಶೇ 40ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೊರೆ ಜಪಾನಿ ಕಾರಿನ ಶೇ 15 ಅನ್ನು ದಾಟುತ್ತದೆ. ಹಾಗಾಗಿ ಡೆಟ್ರಾಯಿಟ್ ಕಂಪನಿಗಳ (ಜಿಎಂ, ಫೋರ್ಡ್, ಸ್ಟೆಲ್ಲಾಂಟಿಸ್‌ಗಳಿಗೆ ಹೀಗೂ ಹೇಳುತ್ತಾರೆ) ದೂರು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಅವರಿಗೆ ನಿಜವಾಗಿ ಉರಿದದ್ದು ಬೇರೆ ಕಾರಣಕ್ಕೆ. ಉಕ್ಕು ಮತ್ತು ಅಲ್ಯೂಮಿನಿಯಂ ಮೇಲಿನ ಸುಂಕ 2025ರ ಜೂನ್‌ನಲ್ಲಿ ಶೇ 50ಕ್ಕೆ ಏರಿತು. ಅಮೆರಿಕದೊಳಗೇ ಕಾರು ಮಾಡಿದರೂ ತಗಡು ದುಬಾರಿ, ಹೊರಗಿಂದ ತರುವ ಬಿಡಿಭಾಗ ದುಬಾರಿ. ಜಪಾನಿನಲ್ಲಿ ಪೂರ್ತಿ ತಯಾರಾಗಿ ಹಡಗು ಹತ್ತುವ ಕಾರಿಗೆ ಆ ತಲೆನೋವಿಲ್ಲ.

ಫೋರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಮಾರುವ ತನ್ನ ವಾಹನಗಳಲ್ಲಿ ಸುಮಾರು ಶೇ 80ರಷ್ಟನ್ನು ಅದು ಅಮೆರಿಕದಲ್ಲೇ ಜೋಡಿಸುತ್ತದೆ. ಅಂದರೆ ಸುಂಕದ ಉದ್ದೇಶಕ್ಕೆ ತಕ್ಕ ಹಾಗೇ ನಡೆದುಕೊಂಡಿರುವ ಕಂಪನಿ. ಅಂಥದ್ದಕ್ಕೂ 2025ರ ಎರಡನೇ ತ್ರೈಮಾಸಿಕದಲ್ಲಿ ಸುಂಕದ ವೆಚ್ಚ ಸುಮಾರು 80 ಕೋಟಿ ಡಾಲರ್ ಆಯಿತು.

ಒಂದು ಕಾರಿನಲ್ಲಿ ಎಷ್ಟು ಮಂದಿಯ ಕೆಲಸ?

ಕಾರು ಅಂದರೆ ಕಣ್ಣಿಗೆ ಬರುವುದು ಜೋಡಣೆಯ ಸಾಲು. ಆದರೆ ಒಂದು ಕಾರಿನಲ್ಲಿ ಸುಮಾರು 30 ಸಾವಿರ ಬಿಡಿಭಾಗ ಇರುತ್ತವೆ. ಸೀಟು, ವೈರಿಂಗ್, ಬ್ರೇಕ್, ಗಾಜು, ಎರಕದ ಲೋಹ ಎಲ್ಲಕ್ಕೂ ಬೇರೆ ಬೇರೆ ಕಾರ್ಖಾನೆ. ಜೋಡಣೆಯ ಸಾಲಿನಲ್ಲಿ ನಿಂತವರಿಗಿಂತ ಬಿಡಿಭಾಗ ಮಾಡುವವರೇ ಹೆಚ್ಚು. ಅಮೆರಿಕದಲ್ಲಿ ಈ ಎರಡೂ ಸೇರಿ ಸುಮಾರು 10 ಲಕ್ಷ ಕೆಲಸ. 2000ದಲ್ಲಿ ಇದು 13 ಲಕ್ಷದಷ್ಟಿತ್ತು. 2009ರ ಬಿಕ್ಕಟ್ಟಿನಲ್ಲಿ ಆರೂಕಾಲು ಲಕ್ಷದ ಹತ್ತಿರಕ್ಕೆ ಕುಸಿದು ಮತ್ತೆ ಮೇಲೆದ್ದಿತು.

ಇನ್ನೊಂದು ಗುಂಪನ್ನು ಜನ ಮರೆಯುತ್ತಾರೆ. ಕಾರು ಮತ್ತು ಬಿಡಿಭಾಗ ಮಾರುವ ಅಂಗಡಿಗಳಲ್ಲಿ ದುಡಿಯುವವರು ಸುಮಾರು 20 ಲಕ್ಷ. ತಯಾರಿಸುವವರಿಗಿಂತ ದುಪ್ಪಟ್ಟು! ಕಾರು ಕೊರಿಯಾದಿಂದ ಬಂದರೂ ಜರ್ಮನಿಯಿಂದ ಬಂದರೂ ಇವರಿಗೆ ಕೆಲಸ ಇದ್ದೇ ಇರುತ್ತದೆ. ಆದರೆ ಕಾರುಗಳು ದುಬಾರಿಯಾಗಿ ಮಾರಾಟ ಇಳಿದರೆ ಪೆಟ್ಟು ಬೀಳುವುದು ಇವರಿಗೂ ಹೌದು. ಸಂಬಳ ಕಾರ್ಖಾನೆಯಷ್ಟು ಇರುವುದಿಲ್ಲ, ಆದ್ದರಿಂದ ಒಂದಕ್ಕೆ ಒಂದು ಸಮ ಎಂದು ಲೆಕ್ಕ ಹಾಕುವುದೂ ಸರಿಯಲ್ಲ.

ಕಾರ್ಖಾನೆಯ ಕೆಲಸಕ್ಕೆ ಇಷ್ಟು ಬೆಲೆ ಬರುವುದು ಅದು ಒಂದೇ ಊರಿನಲ್ಲಿ ಗುಂಪಾಗಿ ಇರುವುದರಿಂದ. ಮೂರು ಸಾವಿರ ಮಂದಿಯ ಕಾರ್ಖಾನೆ ಮುಚ್ಚಿದರೆ ಸುತ್ತಲಿನ ಬಿಡಿಭಾಗದ ಘಟಕಗಳಿಗೆ ಆರ್ಡರ್ ನಿಲ್ಲುತ್ತದೆ. ಆಮೇಲೆ ಅಂಗಡಿಗಳ ವ್ಯಾಪಾರ, ಮನೆ ಬೆಲೆ, ಶಾಲೆಗೆ ಬರುವ ತೆರಿಗೆ ಒಂದೊಂದೇ ಇಳಿಯುತ್ತವೆ. ಅಗ್ಗದ ಕಾರಿನ ಲಾಭ ಇಡೀ ದೇಶಕ್ಕೆ ಚೂರುಚೂರಾಗಿ ಹಂಚಿಹೋಗುತ್ತದೆ. ನಷ್ಟ ಒಂದೇ ಊರಿನ ಮೇಲೆ ಇಡಿಯಾಗಿ ಬೀಳುತ್ತದೆ. ಈ ವಿಷಯಕ್ಕೆ ರಾಜಕೀಯದಲ್ಲಿ ಇಷ್ಟು ಕಾವು ಇರುವುದು ಅದಕ್ಕೇ.

1981ರಲ್ಲಿ ಆದದ್ದು

ಇದೆಲ್ಲ ಹೊಸದಲ್ಲ. 1979ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಏರಿತು. ದೊಡ್ಡ ಕಾರು ಬಿಟ್ಟು ಜನ ಸಣ್ಣ ಕಾರು ಹುಡುಕಿದರು. ಡೆಟ್ರಾಯಿಟ್ ಬಳಿ ಒಳ್ಳೆಯ ಸಣ್ಣ ಕಾರು ಇರಲಿಲ್ಲ, ಜಪಾನ್ ಬಳಿ ಇತ್ತು. ಕ್ರೈಸ್ಲರ್ ದಿವಾಳಿಯ ಅಂಚಿಗೆ ಹೋಯಿತು. ಲಕ್ಷಗಟ್ಟಲೆ ಕಾರ್ಮಿಕರು ಮನೆ ಸೇರಿದರು. ಜಪಾನಿನ ಮೇಲೆ ಸಿಟ್ಟು ಎಷ್ಟಿತ್ತೆಂದರೆ, 1982ರಲ್ಲಿ ಡೆಟ್ರಾಯಿಟ್ ಬಳಿ ವಿನ್ಸೆಂಟ್ ಚಿನ್ ಎಂಬ ಯುವಕನನ್ನು ಇಬ್ಬರು ಹೊಡೆದು ಕೊಂದರು. ಹೊಡೆದವರಲ್ಲಿ ಒಬ್ಬ ಕಾರು ಕಾರ್ಖಾನೆಯ ಮೇಲ್ವಿಚಾರಕ. ಚಿನ್ ಜಪಾನಿನವನೂ ಆಗಿರಲಿಲ್ಲ, ಚೀನಾ ಮೂಲದ ಅಮೆರಿಕನ್.

ರೇಗನ್ ಸರ್ಕಾರ ಸುಂಕ ಹಾಕಲಿಲ್ಲ. ಜಪಾನಿನ ಮೇಲೆ ಒತ್ತಡ ಹಾಕಿ, ಅದೇ ತಾನಾಗಿ ಮಿತಿ ಹಾಕಿಕೊಳ್ಳುವಂತೆ ಮಾಡಿತು. ವರ್ಷಕ್ಕೆ 16.8 ಲಕ್ಷ ಕಾರು, ಅದಕ್ಕಿಂತ ಹೆಚ್ಚು ಕಳಿಸುವಂತಿಲ್ಲ.

ಮುಂದಿನದ್ದು ಒಂದರ ಹಿಂದೆ ಒಂದು ನಡೆಯಿತು. ಬೇಡಿಕೆ ಜಾಸ್ತಿ, ಕಾರು ಕಡಿಮೆ. ಹಾಗಾಗಿ ಜಪಾನಿ ಕಾರುಗಳ ಬೆಲೆ ಏರಿತು. ಪೈಪೋಟಿ ಸಡಿಲವಾದದ್ದರಿಂದ ಅಮೆರಿಕದ ಕಂಪನಿಗಳೂ ಬೆಲೆ ಏರಿಸಿದವು. ಕಳಿಸುವ ಸಂಖ್ಯೆಗೆ ಮಿತಿ ಇದ್ದ ಮೇಲೆ ಅಗ್ಗದ ಕಾರು ಯಾಕೆ ಕಳಿಸಬೇಕು, ಅಲ್ವಾ? ಒಂದೊಂದು ಕಾರಿಗೂ ಹೆಚ್ಚು ಲಾಭ ಸಿಗಲೆಂದು ಜಪಾನಿ ಕಂಪನಿಗಳು ದುಬಾರಿ ಕಾರುಗಳತ್ತ ತಿರುಗಿದವು. ಹೋಂಡಾದ ಅಕ್ಯುರಾ 1986ರಲ್ಲಿ ಬಂತು, ಟೊಯೊಟಾದ ಲೆಕ್ಸಸ್ ಮತ್ತು ನಿಸ್ಸಾನ್‌ನ ಇನ್ಫಿನಿಟಿ 1989ರಲ್ಲಿ. ಸಣ್ಣ ಕಾರಿನ ಪೈಪೋಟಿ ತಡೆಯಲು ಹೋದವರು ದೊಡ್ಡ ಕಾರಿನಲ್ಲೂ ಪೈಪೋಟಿ ಹುಟ್ಟುಹಾಕಿದ ಹಾಗಾಯಿತು.

ಬ್ರೂಕಿಂಗ್ಸ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ರಾಬರ್ಟ್ ಕ್ರ್ಯಾಂಡಲ್ 1984ರಲ್ಲಿ ಇದರ ಲೆಕ್ಕ ಹಾಕಿದರು. ಉಳಿದ ಒಂದೊಂದು ಕೆಲಸಕ್ಕೂ ಕೊಳ್ಳುವವರು ವರ್ಷಕ್ಕೆ ಸುಮಾರು 1.6 ಲಕ್ಷ ಡಾಲರ್ ತೆತ್ತಿದ್ದರು. ಒಬ್ಬ ಕಾರ್ಮಿಕನ ಸಂಬಳಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚು. ಆ ದುಡ್ಡು ಜನರ ಕೈಯಲ್ಲೇ ಇದ್ದಿದ್ದರೆ ಬಟ್ಟೆ, ಪೀಠೋಪಕರಣ, ಹೋಟೆಲು, ಪ್ರವಾಸ ಎಂದು ಬೇರೆ ಕಡೆ ಖರ್ಚಾಗುತ್ತಿತ್ತು. ಅಲ್ಲಿ ಹುಟ್ಟದೇ ಹೋದ ಕೆಲಸಗಳನ್ನು ಎಣಿಸುವವರು ಯಾರೂ ಇಲ್ಲ. ಉಳಿದ ಕಾರ್ಖಾನೆ ಕಣ್ಣಿಗೆ ಕಾಣುತ್ತದೆ, ಬಾರದೇ ಹೋದ ಅಂಗಡಿ ಕಾಣುವುದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅರ್ಥಶಾಸ್ತ್ರಜ್ಞರು ಈ ಭಾಗವನ್ನು ಸ್ವಲ್ಪ ಬೇಗ ದಾಟಿಬಿಡುತ್ತಾರೆ. ಮಿತಿ ತಪ್ಪಿಸಿಕೊಳ್ಳಲು ಇದ್ದ ದಾರಿ ಒಂದೇ, ಅಮೆರಿಕದಲ್ಲೇ ಕಾರು ಮಾಡುವುದು. ಹೋಂಡಾ, ನಿಸ್ಸಾನ್ ಮೊದಲೇ ಆ ತೀರ್ಮಾನ ಮಾಡಿದ್ದವು. ಮಿತಿ ಬಂದ ಮೇಲೆ ಟೊಯೊಟಾ, ಮಜ್ದಾ, ಮಿತ್ಸುಬಿಷಿ, ಸುಬಾರು ಎಲ್ಲವೂ 1980ರ ದಶಕ ಮುಗಿಯುವುದರೊಳಗೆ ಅಲ್ಲಿ ಕಾರ್ಖಾನೆ ಹಾಕಿದವು. ಅವುಗಳಲ್ಲಿ ಕೆಲವು ಈಗ ಇಲ್ಲ, ಆದರೂ ಇವತ್ತು ಅಮೆರಿಕದ ಸಾವಿರಾರು ಮನೆಗಳಿಗೆ ಸಂಬಳ ಬರುವುದು ಜಪಾನಿ ಕಾರ್ಖಾನೆಗಳಿಂದ. ಅಂದರೆ ಬೇಲಿ ಹಾಕಿದ್ದು ಕೊಳ್ಳುವವರಿಗೆ ದುಬಾರಿಯಾಯಿತು, ಆದರೆ ಕಾರ್ಖಾನೆಗಳನ್ನು ಎಳೆದು ತಂದದ್ದೂ ನಿಜ. ಈಗ ಸುಂಕ ಹಾಕುವವರು ಕೊಡುವ ವಾದ ಇದೇ. ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಯೂನಿಯನ್‌ನವರು ಹೇಳುವುದು

ವಾಹನ ಕಾರ್ಮಿಕರ ಸಂಘ ಯುಎಡಬ್ಲ್ಯು 2025ರ ಕಾರು ಸುಂಕವನ್ನು ಸ್ವಾಗತಿಸಿತು. ಅದರ ಅಧ್ಯಕ್ಷ ಶಾನ್ ಫೇನ್ 2024ರ ಚುನಾವಣೆಯಲ್ಲಿ ಟ್ರಂಪ್ ವಿರುದ್ಧ ಪ್ರಚಾರ ಮಾಡಿದವರು. ಆದರೂ ಈ ವಿಷಯದಲ್ಲಿ ಒಪ್ಪಿದರು. ಅವರ ವಾದ ಸರಳ. ಕಡಿಮೆ ಕೂಲಿ ಸಿಗುವ ಕಡೆಗೆ ಕಂಪನಿಗಳು ಓಡುತ್ತಲೇ ಇದ್ದರೆ ಒಳ್ಳೆಯ ಸಂಬಳದ ಕೆಲಸ ಎಲ್ಲೂ ಉಳಿಯುವುದಿಲ್ಲ.

ಇಲ್ಲಿ ಕಂಪನಿಯ ಹೆಸರಿಗೆ ಸ್ವಲ್ಪ ಬೆಲೆ ಬರುತ್ತದೆ. ಜಿಎಂ, ಫೋರ್ಡ್, ಸ್ಟೆಲ್ಲಾಂಟಿಸ್‌ಗಳ ಅಮೆರಿಕದ ಕಾರ್ಖಾನೆಗಳಲ್ಲಿ ಯೂನಿಯನ್ ಇದೆ. ಅಮೆರಿಕದ್ದೇ ಆದ ಟೆಸ್ಲಾದಲ್ಲಿ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿರುವ ಜಪಾನಿ, ಕೊರಿಯನ್, ಜರ್ಮನ್ ಕಾರ್ಖಾನೆಗಳಲ್ಲಿ ಹೆಚ್ಚಿನವುಗಳಲ್ಲೂ ಇಲ್ಲ. ಟೆನೆಸಿಯ ಫೋಕ್ಸ್‌ವ್ಯಾಗನ್ ಕಾರ್ಮಿಕರು 2024ರ ಏಪ್ರಿಲ್‌ನಲ್ಲಿ ಯೂನಿಯನ್ ಬೇಕೆಂದು ಮತ ಹಾಕಿದರು. ಮರು ತಿಂಗಳು ಅಲಬಾಮಾದ ಮರ್ಸಿಡಿಸ್ ಕಾರ್ಮಿಕರು ಬೇಡ ಎಂದರು.

2023ರ ಮುಷ್ಕರದಲ್ಲಿ ಯುಎಡಬ್ಲ್ಯು ನಾಲ್ಕೂವರೆ ವರ್ಷದ ಅವಧಿಗೆ ಶೇ 25ರಷ್ಟು ಮೂಲ ವೇತನ ಹೆಚ್ಚಳ ಗಿಟ್ಟಿಸಿತು. ಅದಾದ ಕೆಲವೇ ವಾರಗಳಲ್ಲಿ ಟೊಯೊಟಾ, ಹೋಂಡಾ, ಹ್ಯುಂಡೈ ಕೂಡ ಅಮೆರಿಕದ ತಮ್ಮ ಕಾರ್ಮಿಕರ ಸಂಬಳ ಏರಿಸಿದವು. ಯೂನಿಯನ್ ಒಳಗೆ ಬಂದುಬಿಟ್ಟೀತು ಎಂಬ ಭಯವೇ ಅದಕ್ಕೆ ಕಾರಣ ಎಂದು ಹೇಳಲು ದೊಡ್ಡ ಸಂಶೋಧನೆ ಬೇಕಿಲ್ಲ. ಹಾಗಾಗಿ ಯೂನಿಯನ್ ಇರುವ ಕಾರ್ಖಾನೆಗಳು ಕುಗ್ಗುತ್ತಾ ಹೋದರೆ, ಯೂನಿಯನ್ ಇಲ್ಲದ ಕಡೆಯ ಸಂಬಳವೂ ನಿಧಾನಕ್ಕೆ ಜಗ್ಗಬಹುದು. ಎಷ್ಟು ಕೆಲಸ ಎಂಬ ಪ್ರಶ್ನೆಯ ಜೊತೆಗೆ ಎಂಥ ಕೆಲಸ ಎಂಬ ಪ್ರಶ್ನೆಯೂ ಇದೆ.

ವಿನ್ಯಾಸಕಾರರು, ಎಂಜಿನಿಯರುಗಳ ಕೆಲಸವೂ ಹೆಚ್ಚಾಗಿ ಕಂಪನಿಯ ತವರಿನಲ್ಲೇ ಇರುತ್ತದೆ. ವಿದೇಶಿ ಕಂಪನಿಗಳೂ ಅಮೆರಿಕದಲ್ಲಿ ಸಂಶೋಧನಾ ಕೇಂದ್ರ ಇಟ್ಟಿವೆ, ಆದರೆ ತವರಿನಷ್ಟು ದೊಡ್ಡದಲ್ಲ. ಇನ್ನು ಲಾಭ? ಷೇರುದಾರರು ಎಲ್ಲಾ ದೇಶಗಳಲ್ಲೂ ಇದ್ದಾರೆ. ಅದರ ಬಗ್ಗೆ ತಲೆ ಕೆಡಿಸಿಕೊಂಡು ಉಪಯೋಗವಿಲ್ಲ.

ಗಡಿಯ ಆಚೆ ನಿಂತರೆ ಈಚೆಯೂ ನಿಲ್ಲುತ್ತದೆ

ಸುಂಕ ಜಾರಿಗೆ ಬಂದ ದಿನವೇ, ಅಂದರೆ 2025ರ ಏಪ್ರಿಲ್ 3ರಂದು, ಸ್ಟೆಲ್ಲಾಂಟಿಸ್ ಒಂದು ಪ್ರಕಟಣೆ ಹೊರಡಿಸಿತು. ಕೆನಡಾದ ವಿಂಡ್ಸರ್ ಮತ್ತು ಮೆಕ್ಸಿಕೊದ ಟೊಲುಕಾ ಕಾರ್ಖಾನೆಗಳಲ್ಲಿ ಕೆಲಸ ತಾತ್ಕಾಲಿಕವಾಗಿ ನಿಲ್ಲುತ್ತದೆ. ಅದರ ಜೊತೆಗೆ ಅಮೆರಿಕದ ಮಿಷಿಗನ್ ಮತ್ತು ಇಂಡಿಯಾನಾ ರಾಜ್ಯಗಳಲ್ಲಿ 900 ಮಂದಿಗೆ ಲೇಆಫ್.

ಅಮೆರಿಕದವರಿಗೆ ಯಾಕೆ? ಆ 900 ಮಂದಿ ಗೇರ್‌ಬಾಕ್ಸ್ ಮಾಡುತ್ತಿದ್ದರು, ತಗಡು ಒತ್ತುತ್ತಿದ್ದರು. ಅವರು ಮಾಡಿದ್ದು ಗಡಿ ದಾಟಿ ವಿಂಡ್ಸರ್, ಟೊಲುಕಾಗೆ ಹೋಗುತ್ತಿತ್ತು. ಅಲ್ಲಿ ಕಾರು ನಿಂತರೆ ಇಲ್ಲಿ ಗೇರ್‌ಬಾಕ್ಸ್ ಬೇಡ. ಉತ್ತರ ಅಮೆರಿಕದಲ್ಲಿ ಕೆಲವು ಬಿಡಿಭಾಗಗಳು ಪೂರ್ತಿಯಾಗುವ ಮುನ್ನ ಏಳೆಂಟು ಸಲ ಗಡಿ ದಾಟುತ್ತವೆ. 1994ರಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಬಂದ ಮೇಲೆ ಮೂರು ದೇಶಗಳ ಕಾರು ಉದ್ಯಮ ಒಂದೇ ಕಾರ್ಖಾನೆಯ ಮೂರು ಕೋಣೆಗಳಂತೆ ಬೆಳೆದಿದೆ. ನಡುವೆ ಬಾಗಿಲು ಹಾಕಿದರೆ ಎರಡೂ ಕಡೆ ಕೆಲಸ ನಿಲ್ಲುತ್ತದೆ.

ಎದುರೇಟಿನ ಭಯವೂ ಇದೆ. 2018ರಲ್ಲಿ ಅಮೆರಿಕದ ಜೊತೆ ಸುಂಕದ ಜಗಳ ಶುರುವಾದಾಗ ಚೀನಾ ಅಮೆರಿಕದಿಂದ ಬರುವ ಕಾರುಗಳಿಗೆ ಶೇ 40 ಸುಂಕ ಹಾಕಿತು. ಪೆಟ್ಟು ತಿಂದದ್ದು ಟೆಸ್ಲಾ, ಮತ್ತೆ ಸ್ಪಾರ್ಟನ್‌ಬರ್ಗ್‌ನ ಬಿಎಂಡಬ್ಲ್ಯು. 'ವಿದೇಶಿ' ಕಂಪನಿಯ ಅಮೆರಿಕನ್ ಕಾರ್ಮಿಕರಿಗೆ ಹೊರದೇಶದ ಗಿರಾಕಿಗಳೇ ಅನ್ನ.

ಬೆಲ್ವಿಡೀರ್‌ಗೆ ಬಂದದ್ದು, ಬ್ರ್ಯಾಂಪ್ಟನ್‌ಗೆ ತಪ್ಪಿದ್ದು

ಹಾಗಾದರೆ ಸುಂಕದಿಂದ ಕೆಲಸ ಬರುವುದೇ ಇಲ್ಲವೇ? ಬರುತ್ತದೆ. 2025ರ ಜೂನ್‌ನಲ್ಲಿ ಜಿಎಂ 400 ಕೋಟಿ ಡಾಲರ್ ಹೂಡಿಕೆ ಘೋಷಿಸಿತು. ಮೆಕ್ಸಿಕೊದಲ್ಲಿ ತಯಾರಾಗುವ ಷೆವರ್ಲೆ ಬ್ಲೇಜರ್ 2027ರಿಂದ ಟೆನೆಸಿಯಲ್ಲಿ ತಯಾರಾಗಲಿದೆ. ಅಕ್ಟೋಬರ್‌ನಲ್ಲಿ ಸ್ಟೆಲ್ಲಾಂಟಿಸ್ 1,300 ಕೋಟಿ ಡಾಲರ್‌ನ ಯೋಜನೆ ಹೇಳಿತು. ಕೆನಡಾದ ಬ್ರ್ಯಾಂಪ್ಟನ್‌ಗೆ ಎಂದಿದ್ದ ಜೀಪ್ ಕಂಪಾಸ್ ಇಲಿನಾಯ್ ರಾಜ್ಯದ ಬೆಲ್ವಿಡೀರ್‌ಗೆ ಹೋಯಿತು. ಬೆಲ್ವಿಡೀರ್ ಕಾರ್ಖಾನೆ 2023ರಿಂದ ಖಾಲಿ ಬಿದ್ದಿತ್ತು. ಅಲ್ಲಿ ಸುಮಾರು 3,300 ಕೆಲಸ ಬರುತ್ತದೆ ಎನ್ನುತ್ತದೆ ಕಂಪನಿ. ಬ್ರ್ಯಾಂಪ್ಟನ್‌ನ ಸುಮಾರು 3,000 ಮಂದಿಯ ಗತಿ ಮಾತ್ರ ತೂಗಾಡತೊಡಗಿತು. ಕೆನಡಾ ಸರ್ಕಾರ ಸಿಟ್ಟಿನಿಂದ, ಜಿಎಂ ಮತ್ತು ಸ್ಟೆಲ್ಲಾಂಟಿಸ್ ಸುಂಕವಿಲ್ಲದೆ ಅಮೆರಿಕದಿಂದ ಕೆನಡಾಗೆ ತರಬಹುದಾದ ಕಾರುಗಳ ಸಂಖ್ಯೆಯನ್ನೇ ಕಡಿತ ಮಾಡಿತು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಈ ಕೆಲಸಗಳಲ್ಲಿ ಹೊಸದಾಗಿ ಹುಟ್ಟಿದ್ದಕ್ಕಿಂತ ಜಾಗ ಬದಲಿಸಿದ್ದೇ ಹೆಚ್ಚು. ಎರಡು, ಸುಂಕ ಒಂದೇ ದಿನದಲ್ಲಿ ಬರುತ್ತದೆ, ಕಾರ್ಖಾನೆ ಬರಲು ಎರಡು ಮೂರು ವರ್ಷ ಬೇಕು. ನಡುವಿನ ಕಾಲದ ಹೊರೆಯನ್ನು ಕಂಪನಿ ಹೊರಬೇಕು, ಇಲ್ಲ ಕೊಳ್ಳುವವರು ಹೊರಬೇಕು. ಅಷ್ಟರಲ್ಲಿ ಸುಂಕದ ದರ ಮತ್ತೆ ಬದಲಾಗುವುದಿಲ್ಲ ಎಂಬ ಭರವಸೆಯೂ ಇಲ್ಲ. ಶೇ 25 ಇದ್ದದ್ದು ಆರು ತಿಂಗಳೊಳಗೆ ಶೇ 15 ಆದದ್ದನ್ನು ಎಲ್ಲ ಕಂಪನಿಗಳೂ ನೋಡಿವೆ. ನೂರಾರು ಕೋಟಿ ಸುರಿಯುವ ಮುನ್ನ ಅವು ಹಿಂದೆಮುಂದೆ ನೋಡುತ್ತವೆ.

ಬೇಲಿ ಪೂರ್ತಿ ತೆಗೆದರೆ ಏನಾಗಬಹುದು ಎನ್ನುವುದಕ್ಕೆ ಆಸ್ಟ್ರೇಲಿಯಾ ಉದಾಹರಣೆ. 1980ರ ದಶಕದಲ್ಲಿ ಅಲ್ಲಿ ಕಾರಿನ ಸುಂಕ ಶೇ 57.5 ಇತ್ತು. 2010ಕ್ಕೆ ಶೇ 5ಕ್ಕೆ ಇಳಿಯಿತು. ಗಣಿಗಾರಿಕೆಯ ಭರಾಟೆಯಲ್ಲಿ ಆಸ್ಟ್ರೇಲಿಯನ್ ಡಾಲರ್ ಬೆಲೆ ಏರಿ ಆಮದು ಇನ್ನೂ ಅಗ್ಗವಾಯಿತು. ಫೋರ್ಡ್ 2016ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಮರುವರ್ಷ ಅದೇ ತಿಂಗಳು ಟೊಯೊಟಾ, ಆಮೇಲೆ ಹೋಲ್ಡನ್. ಹೋಲ್ಡನ್ ಎಂದರೆ ಆಸ್ಟ್ರೇಲಿಯನ್ನರಿಗೆ 'ನಮ್ಮ ಕಾರು'. ಒಡೆಯ ಮಾತ್ರ ಜಿಎಂ. ಆ ಅಭಿಮಾನಕ್ಕೆ ಕಾರ್ಖಾನೆ ಉಳಿಸಲು ಆಗಲಿಲ್ಲ.

ಕೊಳ್ಳುವವರ ಕೈಯಲ್ಲಿ ಏನಿದೆ?

ಅಮೆರಿಕದಲ್ಲಿ 1992ರ ಒಂದು ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿಗೂ ಒಂದು ಚೀಟಿ ಅಂಟಿಸಬೇಕು. ಬಿಡಿಭಾಗಗಳಲ್ಲಿ ಶೇಕಡಾ ಎಷ್ಟು ಅಮೆರಿಕ-ಕೆನಡಾದ್ದು, ಜೋಡಿಸಿದ್ದು ಎಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದ್ದು ಎಲ್ಲ ಅದರಲ್ಲಿರುತ್ತದೆ. ಬಾನೆಟ್ ಮೇಲಿನ ಹೆಸರಿಗಿಂತ ಇದನ್ನು ನಂಬುವುದು ಮೇಲು. ಚಾಸಿಸ್ ನಂಬರಿನ ಮೊದಲ ಅಕ್ಷರ ನೋಡಿದರೂ ಸಾಕು. 1, 4 ಅಥವಾ 5 ಇದ್ದರೆ ಅಮೆರಿಕ, 2 ಕೆನಡಾ, 3 ಮೆಕ್ಸಿಕೊ.

ಚೀಟಿಯಲ್ಲೂ ಹುಳುಕಿದೆ. ಅಮೆರಿಕ ಮತ್ತು ಕೆನಡಾವನ್ನು ಅದು ಒಂದೇ ಎಂದು ಎಣಿಸುತ್ತದೆ. ಈಗಿನ ಜಗಳ ನೋಡಿದರೆ ಇದು ತಮಾಷೆಯಾಗಿ ಕಾಣುತ್ತದೆ. ಕೊನೆಯ ಜೋಡಣೆಯ ಕೂಲಿಯನ್ನು ಆ ಶೇಕಡಾವಾರಿನಲ್ಲಿ ಸೇರಿಸುವುದೇ ಇಲ್ಲ. ಸಂಬಳ ಎಷ್ಟು, ಯೂನಿಯನ್ ಇದೆಯೇ ಎಂಬುದಂತೂ ಅದರಲ್ಲಿ ಇಲ್ಲ.

ಒಬ್ಬರು ಒಂದು ಕಾರು ಕೊಂಡರೆ ಒಂದು ಕೆಲಸ ಹುಟ್ಟುವುದಿಲ್ಲ, ಹೋಗುವುದೂ ಇಲ್ಲ. ಮುಂದಿನ ಮಾದರಿ ಯಾವ ಕಾರ್ಖಾನೆಗೆ ಎಂದು ಕಂಪನಿ ನಿರ್ಧರಿಸುವಾಗ ಕೆಲಸದ ಹಣೆಬರಹ ಬರೆದಾಗಿರುತ್ತದೆ. ಆ ನಿರ್ಧಾರದಲ್ಲಿ ಕೂಲಿ, ಬಿಡಿಭಾಗದವರ ಸಾಮೀಪ್ಯ, ರಾಜ್ಯ ಸರ್ಕಾರ ಕೊಡುವ ರಿಯಾಯಿತಿ, ವ್ಯಾಪಾರ ಒಪ್ಪಂದದ ಷರತ್ತು ಎಲ್ಲವೂ ಸೇರುತ್ತವೆ. ನನ್ನ ಲೆಕ್ಕದಲ್ಲಿ ಕೊನೆಯದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

2020ರ ಜುಲೈ 1ರಂದು ಜಾರಿಗೆ ಬಂದ ಮೂರು ದೇಶಗಳ ಹೊಸ ಒಪ್ಪಂದದಲ್ಲಿ, ಸುಂಕವಿಲ್ಲದೆ ಗಡಿ ದಾಟಲು ಕಾರಿನ ಶೇ 75ರಷ್ಟು ಪಾಲು ಉತ್ತರ ಅಮೆರಿಕದ್ದಾಗಿರಬೇಕು ಎಂದಿದೆ. ಅದರ ಜೊತೆಗೆ ಇನ್ನೊಂದು ಷರತ್ತು. ಕಾರಿನ ಶೇ 40ರಷ್ಟು, ಪಿಕಪ್ ಆದರೆ ಶೇ 45ರಷ್ಟು ಪಾಲನ್ನು ಗಂಟೆಗೆ ಸರಾಸರಿ ಕನಿಷ್ಠ 16 ಡಾಲರ್ ಕೊಡುವ ಕಾರ್ಖಾನೆಗಳೇ ಮಾಡಿರಬೇಕು. ವ್ಯಾಪಾರ ಒಪ್ಪಂದವೊಂದರಲ್ಲಿ ಕೂಲಿಯ ಮೊತ್ತವನ್ನೇ ಬರೆದಿಡುವುದು ಅಪರೂಪ. ಆದರೆ ಬೆಲೆ ಏರಿದ ಹಾಗೆ ಆ 16 ಡಾಲರ್ ತಾನಾಗಿ ಏರುವ ಏರ್ಪಾಡು ಅದರಲ್ಲಿ ಇಲ್ಲ. ಆರು ವರ್ಷಕ್ಕೆ ಒಪ್ಪಂದವನ್ನು ಮೂರೂ ದೇಶ ಕೂತು ಪರಿಶೀಲಿಸಬೇಕು, ಅದರ ಮೊದಲ ದಿನಾಂಕ 2026ರ ಜುಲೈ 1. ಶೇ 15 ಮತ್ತು ಶೇ 25ರ ಗದ್ದಲಕ್ಕಿಂತ, ಆ 16 ಏರುತ್ತದೆಯೋ ಇಲ್ಲವೋ ಎಂಬುದರ ಮೇಲೆ ಬೆಲ್ವಿಡೀರ್ ಮತ್ತು ಟೊಲುಕಾ ಎರಡೂ ಊರುಗಳ ಕಾರ್ಮಿಕರ ಪಾಡು ಹೆಚ್ಚು ನಿಂತಿದೆ.